ಬಿಚ್ಚಲು ಬರುವಂತೆ ಬಿಗಿಯುವುದು

ಬೆಂಗಳೂರಿಗೆ ಬಂದ ನೆಂಟರನ್ನು ಯಾರೂ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್ ತೋರಿಸಲು ಕರೆದೊಯ್ಯುವುದಿಲ್ಲ. ಊರಿನ ಪಶ್ಚಿಮಕ್ಕೆ ಹೊರಟವರು ಹೆಚ್ಚಾಗಿ ಇಸ್ಕಾನ್ ದೇವಸ್ಥಾನದ ಮೆಟ್ಟಿಲು ಹತ್ತುತ್ತಾರೆ, ಇಲ್ಲವೇ ಒರಾಯನ್ ಮಾಲ್‌ನಲ್ಲಿ ಸಂಜೆ ಕಳೆಯುತ್ತಾರೆ. ಆದರೆ ಈ ಎಸ್ಟೇಟಿನಿಂದ ಹೊರಟು, ಬಸವೇಶ್ವರನಗರಕ್ಕೆ ಅಂಟಿಕೊಂಡ ಕಾಮಾಕ್ಷಿಪಾಳ್ಯ ಹಾದು, ಮಾಗಡಿ ರಸ್ತೆ ದಾಟಿ ವಿಜಯನಗರಕ್ಕೆ ಬಂದು, ಮೈಸೂರು ರಸ್ತೆ ಹಿಡಿದು ಕೆಂಗೇರಿ, ಅದರಾಚೆ ಕುಂಬಳಗೋಡಿನ ತನಕ ಸಾಗುವ ದಾರಿಯೂ ಪ್ರವಾಸಕ್ಕೆ ಯೋಗ್ಯವಾದದ್ದೇ. ಈ ದಾರಿಯನ್ನು ಒಂದೇ ಒಂದು ಕೆಲಸದ ಬೆನ್ನುಹತ್ತಿ ನೋಡಬೇಕು ಎಂಬುದು ನನ್ನ ಸೂಚನೆ. ಶಾಫ್ಟಿನ ಮೇಲೆಯೇ ನೇರವಾಗಿ ಕೂರುವ ಗೇರ್‌ಬಾಕ್ಸನ್ನು, ಕೀ ಸಮೇತ ಬುಷ್ ಹಾಕಿ ಕೂರಿಸುವುದೇ ಆ ಕೆಲಸ. ಕಲ್ಲು ಕ್ರಷರ್, ಕಾಂಕ್ರೀಟ್ ಮಿಕ್ಸಿಂಗ್ ಪ್ಲಾಂಟ್, ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆ, ಎಲ್ಲಿ ಬೆಲ್ಟಿನ ಮೇಲೆ ಸರಕು ಸಾಗುತ್ತದೆಯೋ ಅಲ್ಲೆಲ್ಲ ನಡೆಯುವ ಕೆಲಸ ಇದು. ಇದರ ಬಗ್ಗೆ ನನ್ನ ವಾದ ಸರಳವಾದದ್ದು. ಜೋಡಣೆ ಎಷ್ಟು ಬಿಗಿಯಾಗಿದೆ ಎಂದು ಕೇಳಿ ಸುಮ್ಮನಾಗುವುದು ಸಾಲದು, ಕೆಲವು ವರ್ಷ ಕಳೆದ ಮೇಲೆ ಶಾಫ್ಟಿಗೂ ಬಾಕ್ಸಿಗೂ ಪೆಟ್ಟು ಬೀಳದಂತೆ ಅದು ಕಳಚಿ ಬರುತ್ತದೆಯೇ ಎಂದೂ ಕೂರಿಸುವ ದಿನವೇ ಕೇಳಬೇಕು. ಈ ಎರಡನೆಯ ಪ್ರಶ್ನೆಗೆ ಉತ್ತರ ಇಟ್ಟುಕೊಂಡ ಫಿಟ್ಟರನ ಕೆಲಸ ಮೊದಲ ಪ್ರಶ್ನೆಯಲ್ಲಿಯೂ ಗೆಲ್ಲುತ್ತದೆ.

ರಾಜಾಜಿನಗರಕ್ಕೆ ತಳಪಾಯ ಬಿದ್ದದ್ದು 1949ರಲ್ಲಿ. ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರು ಹೊತ್ತ ಈ ಬಡಾವಣೆಯ ಮಗ್ಗುಲಲ್ಲೇ, 1950ರ ದಶಕದಲ್ಲಿ ಸಣ್ಣ ಕೈಗಾರಿಕೆಗಳಿಗೆ ಶೆಡ್ ಕಟ್ಟಿಕೊಡುವ ಸರ್ಕಾರಿ ಯೋಜನೆ ಶುರುವಾದಾಗ, ಇಂಡಸ್ಟ್ರಿಯಲ್ ಎಸ್ಟೇಟ್ ಎದ್ದಿತು. ಕಾರ್ಮಿಕರಿಗೆಂದು ಇಎಸ್ಐ ಆಸ್ಪತ್ರೆ ಬಂತು. ಅದಕ್ಕೂ ಮುಂಚೆ, 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಮೋಟಾರುಗಳು ಇದೇ ಸೀಮೆಯಲ್ಲಿ ತಯಾರಾಗುತ್ತಿದ್ದವು. ಈಗ ಆ ಕಾರ್ಖಾನೆಯ ಜಾಗದಲ್ಲಿ ಒರಾಯನ್ ಮಾಲ್ ಮತ್ತು ಅದರ ಸುತ್ತಣ ಗೋಪುರಗಳು ನಿಂತಿವೆ. ಮೋಟಾರಿನ ಮಾತು ಇಲ್ಲಿ ಬರಲೇಬೇಕು, ಯಾಕೆಂದರೆ ಗೇರ್‌ಬಾಕ್ಸಿನ ಅಗತ್ಯ ಹುಟ್ಟುವುದೇ ಅದರ ವೇಗದಿಂದ. ಬಿನ್ನಿಪೇಟೆಯ ಗಿರಣಿಯಂಥ ಹಳೆಯ ಕಾರ್ಖಾನೆಗಳ ಕಾಲದಲ್ಲಿ ಒಂದೇ ಎಂಜಿನ್ನು ಚಾವಣಿಯ ಕೆಳಗಿನ ಉದ್ದನೆಯ ಶಾಫ್ಟನ್ನು ತಿರುಗಿಸಿ, ಬೆಲ್ಟು ಪುಲ್ಲಿಗಳ ಮೂಲಕ ಸಾಲು ಯಂತ್ರಗಳಿಗೆ ಬಲ ಹಂಚುತ್ತಿತ್ತು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂದ ನಂತರ ನಿಧಾನವಾಗಿ ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ಬಂತು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸಾಮಾನ್ಯ ನಾಲ್ಕು ಪೋಲ್ ಮೋಟಾರು ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತದೆ. ಕನ್ವೇಯರಿನ ಡ್ರಮ್ಮಿಗೆ ಬೇಕಾದದ್ದು ಎಪ್ಪತ್ತೋ ಎಂಬತ್ತೋ ಸುತ್ತು. ನಡುವಿನ ಈ ಅಂತರವನ್ನು ಗೇರ್‌ಬಾಕ್ಸ್ ತುಂಬುತ್ತದೆ, ವೇಗ ಇಳಿಸಿದಷ್ಟು ತಿರುಚುಬಲವನ್ನು ಏರಿಸುತ್ತದೆ.

ಆ ಬಲ ಎಷ್ಟೆಂದು ಒಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. 7.5 ಕಿಲೋವ್ಯಾಟ್, ಅಂದರೆ ಹತ್ತು ಎಚ್‌ಪಿ ಮೋಟಾರು. ವೇಗವನ್ನು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸುವ ಗೇರ್‌ಬಾಕ್ಸ್. ಹೊರಬರುವ ವೇಗ 72 ಸುತ್ತು. ಒಳಗಿನ ಘರ್ಷಣೆಯ ನಷ್ಟ ಬಿಟ್ಟರೆ ತಿರುಚುಬಲ ಸುಮಾರು 995 ನ್ಯೂಟನ್ ಮೀಟರ್. ಶಾಫ್ಟು 60 ಮಿಲಿಮೀಟರ್ ದಪ್ಪದ್ದಾದರೆ ಅದರ ಮೈಮೇಲೆ ಬೀಳುವ ಒತ್ತು 33,000 ನ್ಯೂಟನ್ ದಾಟುತ್ತದೆ, ಮೂರು ಟನ್ನಿಗೂ ಮಿಗಿಲು. ಇಷ್ಟು ಭಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವುದು ಬೆರಳಿಗಿಂತ ಸ್ವಲ್ಪ ದಪ್ಪನೆಯ ಒಂದು ಉಕ್ಕಿನ ತುಂಡು, ಅಂದರೆ ಕೀ, ಮತ್ತು ಅದರ ಸುತ್ತಲಿನ ಬುಷ್ಷಿನ ಹಿಡಿತ. ಪೀಠದ ಮೇಲೆ ಬೋಲ್ಟ್ ಹಾಕಿ ನಿಲ್ಲಿಸುವ ಗೇರ್‌ಬಾಕ್ಸಿಗೆ ಕಾಂಕ್ರೀಟಿನ ಆಸರೆಯಿದೆ, ಕಪ್ಲಿಂಗ್ ಇದೆ. ಶಾಫ್ಟಿನ ಮೇಲೆ ಕೂರುವ ಬಾಕ್ಸಿಗೆ ಅವೆರಡೂ ಇಲ್ಲ. ಅದರ ಹೊಟ್ಟೆಯಲ್ಲಿ ಟೊಳ್ಳು ಶಾಫ್ಟ್ ಇದೆ. ಯಂತ್ರದ ಶಾಫ್ಟು ಅದರೊಳಗೆ ತೂರಿಕೊಳ್ಳುತ್ತದೆ, ನಡುವೆ ಬುಷ್ ಕೂರುತ್ತದೆ, ಬಾಕ್ಸ್ ತಾನೇ ತಿರುಗಿಬಿಡದಂತೆ ಪಕ್ಕದಲ್ಲೊಂದು ಟಾರ್ಕ್ ಆರ್ಮ್ ಹಿಡಿದುಕೊಳ್ಳುತ್ತದೆ. ಇಡೀ ವ್ಯವಸ್ಥೆಯ ಭವಿಷ್ಯ ಆ ಬುಷ್ಷು ಮತ್ತು ಕೀ ಕೂರುವ ಕೆಲವು ಇಂಚು ಜಾಗದಲ್ಲಿದೆ.

ಆ ಕೆಲವು ಇಂಚನ್ನು ಅರಿಯಲು ಕಾಮಾಕ್ಷಿಪಾಳ್ಯದ ಒಳರಸ್ತೆಗಳಿಗೆ ಇಳಿಯಬೇಕು. ಬಸವೇಶ್ವರನಗರದ ಮರಗಳ ಸಾಲು, ಶಾಲೆ, ದರ್ಶಿನಿಗಳ ಹಿಂದೆ ಒಂದೊಂದೇ ರಸ್ತೆ ಸಣ್ಣದಾಗುತ್ತ, ಮನೆಯ ಕೆಳಗೆ ಲೇತು, ಮಹಡಿಯ ಮೇಲೆ ಸಂಸಾರ ಎಂಬಂಥ ಓಣಿಗಳಾಗುತ್ತವೆ. ಗೋಡೆಗಳ ಮೇಲೆ ಮಿಲ್ಲಿಂಗ್, ಸ್ಲಾಟಿಂಗ್, ಗ್ರೈಂಡಿಂಗ್, ಜಾಬ್ ವರ್ಕ್ ಎಂಬ ಬರಹಗಳು. ಗೇರ್‌ಬಾಕ್ಸನ್ನು ಪೂರ್ತಿಯಾಗಿ ತಯಾರಿಸುವುದು ಈ ಓಣಿಗಳ ಕೆಲಸವಲ್ಲ. ಬೋರಿನೊಳಗೆ ಕೀ ಕೂರುವ ಕಾಲುವೆಯಾದ ಕೀ ವೇ ತೆಗೆಯುವುದು, ಸವೆದ ಶಾಫ್ಟಿಗೆ ಲೋಹ ತುಂಬಿ ಮತ್ತೆ ಅಳತೆಗೆ ತರುವುದು, ಎನ್8 ಎಂಬ ದರ್ಜೆಯ ಉಕ್ಕಿನ ಪಟ್ಟಿಯಿಂದ ಕೀ ಕತ್ತರಿಸಿ ಕೊಡುವುದು, ಇಂಥವು ಇಲ್ಲಿಯ ಕೆಲಸ. ಭಾರತೀಯ ಮಾನಕದ ಪ್ರಕಾರ 60 ಮಿಲಿಮೀಟರ್ ಶಾಫ್ಟಿಗೆ ಬೇಕಾದ ಕೀ 18 ಮಿಲಿಮೀಟರ್ ಅಗಲ, 11 ಮಿಲಿಮೀಟರ್ ಎತ್ತರದ್ದು. ನೂರು ಮಿಲಿಮೀಟರ್ ಉದ್ದ ಇಟ್ಟರೆ, ಮೇಲೆ ಹೇಳಿದ ಮೂರು ಟನ್ನಿನ ಒತ್ತಿಗೆ ಅದು ಕತ್ತರಿಸಿ ಹೋಗುವ ಭಯವೇ ಇಲ್ಲ. ಚದರ ಮಿಲಿಮೀಟರಿಗೆ ಹದಿನೆಂಟು ನ್ಯೂಟನ್ನಿನಷ್ಟು ಮಾತ್ರ ಬೀಳುತ್ತದೆ. ಮಗ್ಗುಲಿನ ಒತ್ತಡವೂ ಅರವತ್ತರ ಹತ್ತಿರ, ಎನ್8 ಉಕ್ಕು ಅದನ್ನು ನಿರಾಯಾಸವಾಗಿ ತಡೆಯುತ್ತದೆ. ಹಾಗಿದ್ದರೂ ಕೀಗಳು ಯಾಕೆ ಹಾಳಾಗುತ್ತವೆ? ಈ ಲೆಕ್ಕ ಕೀಯ ಮಗ್ಗುಲು ಉದ್ದಕ್ಕೂ ಒರಗಿದೆ ಎಂದು ನಂಬಿ ಹಾಕಿದ್ದು. ಕೀ ವೇ ಸ್ವಲ್ಪ ಓರೆಯಾಗಿದ್ದು ಕಾಲು ಭಾಗ ಮಾತ್ರ ಒರಗಿದರೆ ಒತ್ತಡ ನಾಲ್ಕು ಪಟ್ಟಾಗಿ, 240ರ ಹತ್ತಿರ ಹೋಗಿ, ಉಕ್ಕು ಶಾಶ್ವತವಾಗಿ ಹಿಸುಕಿಕೊಳ್ಳುವ ಗಡಿಯನ್ನು ಸಮೀಪಿಸುತ್ತದೆ. ಅಲ್ಲಿಂದ ಎಡೆ ಬೆಳೆಯುತ್ತದೆ, ಪ್ರತಿ ಸಲ ಮೋಟಾರು ಶುರುವಾದಾಗಲೂ ಕೀ ಗೋಡೆಗೆ ಗುದ್ದುತ್ತದೆ, ಗುದ್ದಿದಷ್ಟೂ ಎಡೆ ಹೆಚ್ಚುತ್ತದೆ. ಇದಕ್ಕೆ ಮದ್ದು ಇನ್ನಷ್ಟು ಗಟ್ಟಿ ಉಕ್ಕಲ್ಲ, ನೇರವಾದ ಕೀ ವೇ. ಕೀ ಮಗ್ಗುಲಲ್ಲಿ ಹಿಡಿಯಬೇಕು, ನೆತ್ತಿಯಲ್ಲಿ ಸ್ವಲ್ಪ ಜಾಗ ಬಿಡಬೇಕು. ನೆತ್ತಿ ತಾಗಿದರೆ ಕೀ ಬುಷ್ಷನ್ನು ಒಂದು ಪಕ್ಕಕ್ಕೆ ನೂಕಿ, ಬಾಕ್ಸು ಕೇಂದ್ರ ತಪ್ಪಿ ತೂಗಾಡುತ್ತದೆ.

ಈಗ ಬುಷ್. ಒಳಗೆ ಶಾಫ್ಟಿನ ಅಳತೆಗೆ ನೇರ ಬೋರ್, ಹೊರಗೆ ತುಸು ಓರೆಯಾದ ಮೈ, ಉದ್ದಕ್ಕೆ ಒಂದು ಸೀಳು. ಬಾಕ್ಸಿನ ಟೊಳ್ಳು ಶಾಫ್ಟಿನಲ್ಲೂ ಅದೇ ಓರೆ. ಸ್ಕ್ರೂಗಳನ್ನು ಬಿಗಿದಾಗ ಬುಷ್ ಓರೆಯೊಳಕ್ಕೆ ಜಾರಿ, ಸೀಳು ಕಿರಿದಾಗಿ, ಶಾಫ್ಟನ್ನು ಸುತ್ತಲೂ ತಬ್ಬಿಕೊಳ್ಳುತ್ತದೆ. ಕೀ ತಿರುಚುಬಲ ಹೊರುತ್ತದೆ, ತಬ್ಬಿದ ಹಿಡಿತ ಅಲುಗಾಟ ತಡೆಯುತ್ತದೆ. ಇಲ್ಲಿಯ ಕ್ರಮವೆಲ್ಲ ಈ ಎರಡನ್ನೂ ಕಾಪಾಡಲು ಇರುವುದು. ಮೊದಲು ಶಾಫ್ಟಿನ ತುಕ್ಕು, ಬಣ್ಣ, ಅಂಚಿನ ಬರ್ ಎಲ್ಲವನ್ನೂ ಅರ ಮತ್ತು ಎಮರಿ ಹಾಳೆಯಿಂದ ತೆಗೆದು, ಮೈಕ್ರೋಮೀಟರಿನಲ್ಲಿ ಒಂದೇ ಜಾಗದಲ್ಲಲ್ಲ, ಎರಡು ಮೂರು ಕಡೆ ಅಳೆಯಬೇಕು. ಓರೆ ಮೈಗಳನ್ನು ಒರೆಸಿ ಒಣಗಿಸಬೇಕು. ಅಲ್ಲಿ ಎಣ್ಣೆ ಹಚ್ಚಿದರೆ ಅದೇ ಬಿಗಿತಕ್ಕೆ ಬುಷ್ ಅಗತ್ಯಕ್ಕಿಂತ ಆಳಕ್ಕೆ ಜಾರಿ, ಸುತ್ತಲಿನ ಲೋಹ ಸೀಳಬಹುದು. ಬಾಕ್ಸನ್ನು ಬೇರಿಂಗಿಗೆ ಆದಷ್ಟು ಹತ್ತಿರ ತರಬೇಕು, ದೂರ ಹೋದಷ್ಟೂ ಶಾಫ್ಟಿನ ಮೇಲೆ ಅದರ ಭಾರದ ಬಗ್ಗಿಸುವ ಬಲ ಹೆಚ್ಚು. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ತಿರುಗಿಸದೆ, ಸರದಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಕೆಲವು ಗಂಟೆ ಓಡಿದ ಮೇಲೆ ಬುಷ್ ಇನ್ನಷ್ಟು ಕೂತಿರುತ್ತದೆ, ಆಗ ನಿಲ್ಲಿಸಿ ಮತ್ತೊಮ್ಮೆ ನೋಡಬೇಕು. ಎಣ್ಣೆ ತುಂಬಿಸುವುದು, ಗಾಳಿಯಾಡುವ ಬ್ರೀದರ್ ಮೇಲ್ಮುಖವಾಗಿ ಇರುವಂತೆ ನೋಡಿಕೊಳ್ಳುವುದು, ಏರು ಕನ್ವೇಯರಿನಲ್ಲಿ ಹಿಂದಕ್ಕೆ ತಿರುಗದಂತೆ ತಡೆಯುವ ಬ್ಯಾಕ್‌ಸ್ಟಾಪ್ ಇದ್ದರೆ ಬೆಲ್ಟ್ ಹಾಕುವ ಮುಂಚೆಯೇ ಮೋಟಾರು ತಿರುಗುವ ದಿಕ್ಕು ಪರೀಕ್ಷಿಸುವುದು, ಇವು ಬಲ್ಲವರಿಗೆ ರೂಢಿಯ ಕೆಲಸ.

ನನ್ನನ್ನು ಬಹಳ ಸೆಳೆಯುವುದು ಬುಷ್ಷಿನ ಮೈಯಲ್ಲಿರುವ ಇನ್ನೆರಡು ಮೂರು ತೂತು. ಬಿಗಿಯುವಾಗ ಅವು ಖಾಲಿ. ಕಳಚುವ ದಿನ ಬಂದಾಗ, ಬಿಗಿದಿದ್ದ ಅದೇ ಸ್ಕ್ರೂಗಳನ್ನು ಹೊರತೆಗೆದು ಈ ತೂತುಗಳಿಗೆ ಹಾಕಿ ತಿರುಗಿಸಿದರೆ, ಅವು ಎದುರಿನ ಮೈಯನ್ನು ಒತ್ತಿ ಬುಷ್ಷನ್ನು ಓರೆಯಿಂದ ಹೊರಕ್ಕೆ ದಬ್ಬುತ್ತವೆ. ಹಿಡಿಸಿದ್ದೇ ಬಿಡಿಸುತ್ತದೆ. ಎತ್ತಿನಗಾಡಿಯ ಅಚ್ಚಿನ ತುದಿಗೆ ಚುಚ್ಚಿದ ಕಡಾಣಿಯಲ್ಲಿರುವ ಬುದ್ಧಿಯೂ ಇದೇ: ಗಾಲಿ ಜಾರದಂತೆ ತಡೆಯುತ್ತದೆ, ಕೀಲೆಣ್ಣೆ ಹಾಕುವ ದಿನ ಕೈಯಿಂದ ಎಳೆದರೆ ಬರುತ್ತದೆ. ಬುಷ್ಷನ್ನು ರೂಪಿಸಿದವರು ಅದನ್ನು ಕಳಚುವವನ ಕಷ್ಟವನ್ನು ಮೊದಲೇ ಊಹಿಸಿ ತೂತು ಕೊರೆದಿದ್ದಾರೆ. ಆ ತೂತುಗಳಿಗೆ ಬಣ್ಣ ಮೆತ್ತಿ ಮುಚ್ಚುವುದು, ಅವುಗಳ ಮುಂದೆ ಬೆಲ್ಟ್ ಗಾರ್ಡನ್ನು ವೆಲ್ಡ್ ಮಾಡುವುದು, ಗೋಡೆಗೆ ಒತ್ತಿ ಬಾಕ್ಸ್ ಕೂರಿಸುವುದು, ಇವು ಆ ಮುಂದಾಲೋಚನೆಯನ್ನು ವ್ಯರ್ಥ ಮಾಡುತ್ತವೆ.

ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಎದುರುಮಾತು ಗೊತ್ತೇ ಇದೆ. ಕೆಲಸ ನಿಂತಿದೆ, ಲಾರಿ ಕಾದು ನಿಂತಿವೆ, ಎರಡು ಏಟು ಸುತ್ತಿಗೆ ಹಾಕಿದರೆ ಬಾಕ್ಸ್ ಒಳಗೆ ಹೋಗುತ್ತದೆ, ಒಂದು ಕಡೆ ವೆಲ್ಡಿಂಗ್ ಚುಕ್ಕೆ ಇಟ್ಟರೆ ಅಲುಗುವುದಿಲ್ಲ, ವರ್ಷಗಟ್ಟಲೆ ಹಾಗೇ ಓಡಿದ ಯಂತ್ರಗಳಿವೆ ಎನ್ನುತ್ತಾರೆ. ಓಡಿದ ಯಂತ್ರಗಳಿರುವುದು ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ಸುತ್ತಿಗೆಯ ಏಟು ಬೀಳುವುದು ಬಾಕ್ಸಿನ ಹೊರಮೈಗಾದರೂ ಅದು ಹೋಗಿ ತಾಗುವುದು ಒಳಗಿನ ಬೇರಿಂಗುಗಳ ಗುಂಡುಗಳಿಗೆ; ಅಲ್ಲಿ ಬಿದ್ದ ಸಣ್ಣ ಗುಳಿ ತಿಂಗಳುಗಳ ನಂತರ ಸದ್ದಾಗಿ ಹೊರಬರುತ್ತದೆ, ಆಗ ದೂರು ಗೇರ್‌ಬಾಕ್ಸ್ ತಯಾರಕನ ಮೇಲೆ ಹೋಗುತ್ತದೆ. ವೆಲ್ಡಿಂಗ್ ಚುಕ್ಕೆ ಶಾಫ್ಟಿನ ಉಕ್ಕನ್ನು ಒಂದೇ ಜಾಗದಲ್ಲಿ ಕಾಸಿ ಗಡಸು ಮಾಡಿ, ಬಿರುಕು ಹುಟ್ಟಲು ಜಾಗ ಒದಗಿಸುತ್ತದೆ. ಬುಷ್ ಮತ್ತು ಶಾಫ್ಟಿನ ನಡುವೆ ಹಿಡಿತ ಸಾಲದಿದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟದಿಂದ ಕೆಂಪು ಹುಡಿ ಹುಟ್ಟುತ್ತದೆ, ಎರಡೂ ಮೈಗಳು ಕಚ್ಚಿಕೊಂಡುಬಿಡುತ್ತವೆ. ಹೀಗೆ ಕಚ್ಚಿಕೊಂಡ ಬಾಕ್ಸನ್ನು ಬಿಚ್ಚಲು ಕೊನೆಗೆ ಗ್ಯಾಸ್ ಕಟರೇ ಬರಬೇಕು. ಶಾಫ್ಟೂ ಹೋಯಿತು, ಡ್ರಮ್ಮೂ ಹೋಯಿತು. ಕೂರಿಸುವ ದಿನ ಉಳಿಸಿದ ಒಂದು ಗಂಟೆಗೆ ಬಿಚ್ಚುವಾಗ ದಿನಗಳನ್ನೇ ತೆರಬೇಕಾಗುತ್ತದೆ. ಬಿಗಿಗಾಗಿ ಮಾಡಿದ ಕೆಲಸ ಬಿಗಿಯನ್ನೂ ಕೊಡಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಸಡಿಲ ಹಿಡಿತದಿಂದ ಹುಟ್ಟಿದ ಹುಡಿಯೇ ಬಾಕ್ಸನ್ನು ಬಿಚ್ಚಲಾಗದಂತೆ ಮಾಡಿತು.

ಮಾಗಡಿ ರಸ್ತೆ ದಾಟಿದರೆ ವಿಜಯನಗರ. ಕರ್ನಾಟಕದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾದ ಕಚೇರಿ ಇಲ್ಲಿದೆ. ಅದೂ ಹುಟ್ಟಿದ್ದು ರಾಜಾಜಿನಗರದ ವರ್ಷವಾದ 1949ರಲ್ಲೇ. ಸಣ್ಣ ಕೈಗಾರಿಕೆಯ ಮಾತು ಬಂದಾಗ ಇನ್ನೊಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು, ಇದು ಎಂಜಿನಿಯರುಗಳಿಂದ ಬರುವಂಥದ್ದು, ತೂಕವಿರುವಂಥದ್ದು. ಈಗ ಕೀಯೇ ಬೇಡದ ಜೋಡಣೆಗಳಿವೆ. ಶಾಫ್ಟಿನ ಸುತ್ತ ಬರೀ ಒತ್ತಡದಿಂದ ಹಿಡಿಯುವ ಶ್ರಿಂಕ್ ಡಿಸ್ಕ್‌ಗಳಿವೆ. ಕೀ ವೇ ಕೊರೆದಾಗ ಶಾಫ್ಟಿನ ಬಲ ಕುಗ್ಗುತ್ತದೆ, ಮೂಲೆಗಳಲ್ಲಿ ಒತ್ತಡ ಸೇರಿ ಬಿರುಕು ಹುಟ್ಟಬಹುದು, ಹಾಗಿರುವಾಗ ಹಳೆಯ ಕೀಗೆ ಯಾಕೆ ಜೋತುಬೀಳಬೇಕು ಎಂದು ಅವರು ಕೇಳುತ್ತಾರೆ. ಹೊಸದಾಗಿ ಕಟ್ಟುವ ದೊಡ್ಡ ಯಂತ್ರಕ್ಕೆ ಅವರ ಮಾತು ಸರಿ. ಅಂಥ ಡಿಸ್ಕನ್ನು ಸುಲಭವಾಗಿ ಕಳಚಬಹುದು, ನನ್ನ ವಾದಕ್ಕೂ ಅದು ಹೊಂದುತ್ತದೆ. ಆದರೆ ಅದಕ್ಕೆ ಬಹಳ ನಿಖರವಾಗಿ ಗ್ರೈಂಡ್ ಮಾಡಿದ, ಗೀರಿಲ್ಲದ ಶಾಫ್ಟು ಬೇಕು. ಈ ದಾರಿಯ ಕ್ರಷರುಗಳಲ್ಲಿ, ಗಿರಣಿಗಳಲ್ಲಿ ತಿರುಗುತ್ತಿರುವ ಶಾಫ್ಟುಗಳಿಗೆ ಕೀ ವೇ ಆಗಲೇ ಇದೆ. ಅವುಗಳ ಕೀ ಹಾಳಾದರೆ ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಅಂದೇ ಹೊಸದು ಸಿಗುತ್ತದೆ; ಡಿಸ್ಕ್ ಹಾಳಾದರೆ ತಯಾರಕರಿಗೆ ಬರೆದು ಕಾಯಬೇಕು. ಒಂದು ಯಂತ್ರಭಾಗವನ್ನು ಅದು ಎಲ್ಲಿ ರಿಪೇರಿ ಆಗಬಲ್ಲದು ಎಂಬುದನ್ನು ಬಿಟ್ಟು ಬೆಲೆ ಕಟ್ಟಬಾರದು. ಕೀ ವೇಯ ಮೂಲೆಯನ್ನು ಚೂಪಾಗಿ ಬಿಡದೆ ತುಸು ದುಂಡಗೆ ತೆಗೆದರೆ ಬಿರುಕಿನ ಭಯವೂ ಬಹಳ ಮಟ್ಟಿಗೆ ತಗ್ಗುತ್ತದೆ.

ವಿಜಯನಗರದಿಂದ ಮುಂದೆ ನೇರಳೆ ಮೆಟ್ರೋ ಹಿಡಿಯಬಹುದು. 2021ರ ಆಗಸ್ಟಿನಿಂದ ಅದು ಕೆಂಗೇರಿಯವರೆಗೆ ಓಡುತ್ತಿದೆ. ಕಿಟಕಿಯಿಂದ ನಾಯಂಡಹಳ್ಳಿಯ ಹತ್ತಿರ ವೃಷಭಾವತಿ ಕಾಣುತ್ತದೆ, ಊರಿನ ಕೊಳೆಯನ್ನು ಹೊತ್ತು ಅರ್ಕಾವತಿಯತ್ತ ಹೋಗುವ ಹೊಳೆ. ಆ ಕಣಿವೆಯ ಕೊಳಚೆ ನೀರು ಶುದ್ಧೀಕರಿಸುವ ಘಟಕಗಳಲ್ಲೂ ನಿಧಾನವಾಗಿ ತಿರುಗುವ ಯಂತ್ರಗಳಿಗೆ ಗೇರ್‌ಬಾಕ್ಸೇ ಬಲ ಕೊಡುತ್ತದೆ. ಇಲ್ಲಿ ಟಾರ್ಕ್ ಆರ್ಮಿನ ಮಾತು ಹೇಳಿಬಿಡಬೇಕು, ಯಾಕೆಂದರೆ ಬುಷ್ಷನ್ನು ಸರಿಯಾಗಿ ಕೂರಿಸಿದವರೂ ಎಡವುವುದು ಇಲ್ಲೇ. ಬಾಕ್ಸನ್ನು ತಿರುಗದಂತೆ ಹಿಡಿಯುವ ಈ ಸರಳಿಗೆ ಎರಡೂ ತುದಿಯಲ್ಲಿ ಪಿನ್ ಇರಬೇಕು, ಬಾಕ್ಸಿನಿಂದ ಸಾಧ್ಯವಾದಷ್ಟು ಲಂಬಕೋನದಲ್ಲಿ ಹೊರಡಬೇಕು, ಬಾಕ್ಸಿಗೆ ಅಲ್ಪಸ್ವಲ್ಪ ತೂಗಾಡುವ ಬಿಡುವು ಇರಬೇಕು. ಲೋಕದಲ್ಲಿ ಪೂರ್ತಿ ನೇರವಾದ ಶಾಫ್ಟ್ ಇಲ್ಲ. ಪ್ರತಿ ಸುತ್ತಿಗೂ ಬಾಕ್ಸ್ ಕೂದಲೆಳೆಯಷ್ಟು ಏರಿಳಿಯುತ್ತದೆ. ಆರ್ಮನ್ನು ಕಂಬಕ್ಕೆ ವೆಲ್ಡ್ ಮಾಡಿದರೆ ಆ ಏರಿಳಿತಕ್ಕೆ ಹೋಗಲು ದಾರಿಯಿಲ್ಲದೆ, ಅದು ಬೇರಿಂಗುಗಳನ್ನೂ ಬುಷ್ಷನ್ನೂ ಹಿಂಡುತ್ತದೆ. ಬುಷ್ಷಿನ ಬಳಿ ಪೂರ್ತಿ ಹಿಡಿತ, ಆರ್ಮಿನ ಬಳಿ ತುಸು ಬಿಡುವು: ಎರಡೂ ಒಟ್ಟಿಗಿದ್ದರೆ ಮಾತ್ರ ಜೋಡಣೆ ಬಾಳುತ್ತದೆ. ಪೀಠದ ಮೇಲೆ ನಿಲ್ಲಿಸುವ ಗೇರ್‌ಬಾಕ್ಸೇ ಮೇಲು, ಶಾಫ್ಟಿನ ಮೇಲೆ ಭಾರ ಹೇರುವುದೇ ತಪ್ಪು ಎನ್ನುವವರೂ ಇದ್ದಾರೆ. ಬಹಳ ದೊಡ್ಡ ಬಲದ ಯಂತ್ರಗಳಿಗೆ ಅದನ್ನು ಒಪ್ಪಬಹುದು. ಆದರೆ ಪೀಠ ಒಂದಿಷ್ಟು ಕುಸಿದರೂ ಅಲೈನ್‌ಮೆಂಟ್ ತಪ್ಪುವ ಕಷ್ಟ ಅಲ್ಲಿದೆ. ಜಾಗದಿಂದ ಜಾಗಕ್ಕೆ ಎತ್ತಿ ಇಡುವ ಕ್ರಷರಿನ ಕನ್ವೇಯರಿಗೆ, ಕಬ್ಬಿಣದ ಚೌಕಟ್ಟೇ ಬಾಗುವ ಬಕೆಟ್ ಎಲಿವೇಟರಿಗೆ, ಶಾಫ್ಟಿನೊಂದಿಗೇ ಏರಿಳಿಯುವ ಬಾಕ್ಸೇ ಹೊಂದುತ್ತದೆ.

ಕೆಂಗೇರಿಗೆ ಬರುವ ಹೊತ್ತಿಗೆ ದಾರಿಯ ಎರಡು ತುದಿಗಳ ಕೊರತೆ ಕಾಣತೊಡಗುತ್ತದೆ. ಇಲ್ಲಿ 1963ರಿಂದ ಆರ್.ವಿ. ಎಂಜಿನಿಯರಿಂಗ್ ಕಾಲೇಜಿದೆ, ಗೇರಿನ ಹಲ್ಲಿನ ವಿನ್ಯಾಸವನ್ನು, ಕೀಯ ಒತ್ತಡದ ಸೂತ್ರವನ್ನು ತರಗತಿಯಲ್ಲಿ ಕಲಿಯುವ ಜಾಗ. ಆ ತುದಿಯಲ್ಲಿ, ರಾಜಾಜಿನಗರದ ಎಸ್ಟೇಟಿನಲ್ಲಿ, ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವಿದೆ; ಕೈಯಲ್ಲಿ ಅಳತೆ ಹಿಡಿದು ಕಲಿಯುವ ಜಾಗ. ಸೂತ್ರ ಬಲ್ಲವರು ಬುಷ್ ಕಳಚಿ ನೋಡಿಲ್ಲ, ಕಳಚಿ ಬಲ್ಲವರಿಗೆ ಓರೆಯಾದ ಕೀ ವೇ ನಾಲ್ಕು ಪಟ್ಟು ಒತ್ತಡ ತರುವುದು ಯಾಕೆಂದು ಯಾರೂ ಲೆಕ್ಕ ಹಾಕಿ ತೋರಿಸಿಲ್ಲ ಎಂಬ ಸ್ಥಿತಿ ಇರಬಾರದು. ಇವೆರಡರ ನಡುವೆ ಇರುವುದು ಇಪ್ಪತ್ತು ಕಿಲೋಮೀಟರಿಗಿಂತ ಕಡಿಮೆ ದಾರಿ, ಮತ್ತು ಆ ದಾರಿಯುದ್ದಕ್ಕೂ ಇರುವ ಸಣ್ಣ ಶೆಡ್ಡುಗಳು. ಗಿರಣಿಗಳ ಜಾಗ, ಮೋಟಾರು ಕಾರ್ಖಾನೆಯ ಜಾಗ ವಸತಿ ಗೋಪುರಗಳಿಗೆ ಹೋಗಿದೆ. ಶೆಡ್ಡುಗಳ ಜಾಗವೂ ಹಾಗೇ ಹೋದರೆ, ಕುಂಬಳಗೋಡಿನ ಕಾರ್ಖಾನೆಯೊಂದರ ಕೀ ಹಾಳಾದ ದಿನ ಅದನ್ನು ಮಾಡಿಕೊಡಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ.

ಹಾಗಾಗಿ ಕೇಳಿಕೊಳ್ಳುವುದು ಇಷ್ಟೇ. ಗೇರ್‌ಬಾಕ್ಸ್ ಕೊಳ್ಳುವ ಮಾಲೀಕರು ಅದರ ಜೊತೆಯಲ್ಲೇ ಒಂದು ಟಾರ್ಕ್ ರೆಂಚನ್ನೂ ಕೊಳ್ಳಲಿ; ಬಾಕ್ಸಿನ ಪಕ್ಕ ಬುಷ್ ಎಳೆಯಲು, ಸ್ಕ್ರೂ ತಿರುಗಿಸಲು ಕೈಹಿಡಿಸುವಷ್ಟು ಜಾಗ ಬಿಡಲಿ; ಬಿಗಿದ ದಿನಾಂಕವನ್ನೂ ಅಳತೆಯನ್ನೂ ಬಾಕ್ಸಿನ ಮೇಲೆಯೇ ಬಣ್ಣದಲ್ಲಿ ಬರೆಸಲಿ. ಐಟಿಐ ಮತ್ತು ತರಬೇತಿ ಕೇಂದ್ರಗಳ ಬೋಧಕರು ಪರೀಕ್ಷೆಯಲ್ಲಿ ಬಾಕ್ಸ್ ಕೂರಿಸಿದವನಿಗೆ ಅರ್ಧ ಅಂಕ ಮಾತ್ರ ಕೊಡಲಿ. ಉಳಿದರ್ಧ, ಸುತ್ತಿಗೆ ಮುಟ್ಟದೆ ಅದನ್ನು ಕಳಚಿ, ಶಾಫ್ಟನ್ನು ಗೀರಿಲ್ಲದೆ ತೋರಿಸಿದವನಿಗೆ.